ಮಡಿಗೆ ಬಂದ ಹ್ಯಾಂಡಲ್

ನನ್ನ ಐವತ್ತೊಂದು ವರ್ಷದ ಬಾಳಿನಲ್ಲಿ ನಾನೇ ಸ್ವತಃ ಆರಿಸಿದ ವಸ್ತು ಒಂದೇ ಒಂದು. ಅದು ಸೈಕಲ್ಲಿನ ಹ್ಯಾಂಡಲ್. ಉಳಿದದ್ದೆಲ್ಲ ಬೇರೆಯವರು ಆರಿಸಿದ್ದು. ಸುಜಯೀಂದ್ರ ಎಂಬ ಹೆಸರನ್ನು ಅಜ್ಜ ಆರಿಸಿದ, ಓದನ್ನು ಅಪ್ಪ ಆರಿಸಿದ, ಹೆಂಡತಿಯನ್ನು ಅಮ್ಮ ಆರಿಸಿದಳು. ಆಮೇಲೆ ನನ್ನ ಅಂಗಿ, ಪ್ಯಾಂಟು, ಹಲ್ಲಿನ ಪೇಸ್ಟು, ಮನೆಗೆ ಬಂದು ಕಾಫಿ ಕುಡಿಯಲು ಯೋಗ್ಯರಾದ ನನ್ನ ಗೆಳೆಯರು, ಇವೆಲ್ಲವನ್ನೂ ಹೆಂಡತಿ ಆರಿಸಿಕೊಟ್ಟಿದ್ದಾಳೆ. ಹೀಗಿರುವಾಗ ಆ ಒಂದು ಹ್ಯಾಂಡಲ್ಲಾದರೂ ನನ್ನ ಕೈಯಲ್ಲಿ ಉಳಿಯಬೇಕಿತ್ತೋ ಬೇಡವೋ, ನೀವೇ ಹೇಳಿ.

ಇದೆಲ್ಲ ಶುರುವಾದದ್ದು ಮೊಬೈಲಿನಿಂದ. ಒಬ್ಬ ಮನುಷ್ಯ ಸೈಕಲ್ಲಿನ ಹೊಟ್ಟೆ, ಬೆನ್ನು, ಮೂಗು ಎಲ್ಲ ಕಡೆ ಚೀಲ ಕಟ್ಟಿಕೊಂಡು ದೇಶ ಸುತ್ತುತ್ತಿದ್ದ. ಇದಕ್ಕೆ ಬೈಕ್‌ಪ್ಯಾಕಿಂಗ್ ಎನ್ನುತ್ತಾರೆ. ಬಳ್ಳಾರಿಯ ಒಂದು ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತಿರುವ ನನಗೆ ಆ ದೃಶ್ಯ ನೋಡಿ ಮೈ ಜುಮ್ಮೆಂದಿತು. ಮೊದಲು ಕುರುಗೋಡಿನ ಮೇಲೆ ಸಿರುಗುಪ್ಪ, ವಾಪಸು ಬರುವಾಗ ತೆಕ್ಕಲಕೋಟೆ. ಅದು ಅಭ್ಯಾಸಕ್ಕೆ. ಆಮೇಲೆ ಮಂತ್ರಾಲಯ, ಆಮೇಲೆ ಉಡುಪಿ, ಆಮೇಲೆ ಬದರಿ. (ಬದರಿಯ ಮಾತನ್ನು ಮನೆಯಲ್ಲಿ ಎತ್ತಲಿಲ್ಲ.)

ದೂರ ಪ್ರಯಾಣಕ್ಕೆ ಎಲ್ಲಕ್ಕಿಂತ ಮುಖ್ಯ ಹ್ಯಾಂಡಲ್ ಎಂದು ತಿಳಿದವರು ಹೇಳುತ್ತಾರೆ. ನೇರವಾದದ್ದು ಹಿಡಿದರೆ ಗಟ್ಟಿ, ಆದರೆ ಕೈ ಒಂದೇ ಕಡೆ ಇದ್ದು ಜೋಮು ಹಿಡಿಯುತ್ತದೆ. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ್ದಾದರೆ ಮೇಲೆ, ಪಕ್ಕ, ಕೆಳಗೆ ಮೂರು ಕಡೆ ಹಿಡಿಯಬಹುದು, ಎದುರುಗಾಳಿ ಬಂದರೆ ಬಗ್ಗಬಹುದು. ಕೊಂಬಿನ ತುದಿ ಹೊರಕ್ಕೆ ಚಾಚಿದ್ದರೆ ನಡುವೆ ಚೀಲ ಕಟ್ಟಲು ಜಾಗ. ಈ ತೀರ್ಮಾನಕ್ಕೆ ಬರಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಹಿಂದಿನ ಓಣಿಯ ಗೆಳೆಯ ಪವಮಾನನಿಗೆ ದಿನಾ ವಾಕಿಂಗಿನಲ್ಲಿ ಇದನ್ನೆಲ್ಲ ವಿವರಿಸುತ್ತಿದ್ದೆ. ಅವನು ಆಕಳಿಸುತ್ತಿದ್ದ. ಕೊನೆಗೆ ವಾಕಿಂಗನ್ನೇ ಬಿಟ್ಟ.

ನನ್ನ ಹೆಂಡತಿ ಸಿಂಧು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಎಲ್ಲವನ್ನೂ ಎಣಿಸುವ ಚಟ.

"ಮೂರು ಕಡೆ ಕೈ ಇಡಬಹುದು ಅಂದ್ರ ಏನ್ರೀ? ನಿಮಗಿರೋವು ಎರಡೇ ಕೈ."

"ದೂರ ಪ್ರಯಾಣದಾಗ ಕೈ ಜೋಮು ಹಿಡೀತದ. ಜಾಗಾ ಬದಲಿಸ್ತಾ ಇರಬೇಕು."

"ಎಲ್ಲಿ ದೂರ ಪ್ರಯಾಣ? ನಾಕು ತಿಂಗಳದಾಗ ನೀವು ಹೋಗಿದ್ದು ದುರ್ಗೇಶನ ಅಂಗಡಿಗೆ. ಅದೂ ಸ್ಕೂಟರ್ ಮ್ಯಾಲೆ."

ದುರ್ಗೇಶ್ ಎಂದರೆ ಬೆಂಗಳೂರು ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟವನು. ಸೈಕಲ್ಲು ತರಿಸಿಕೊಟ್ಟು, ನಾನು ಆರಿಸಿದ ಹ್ಯಾಂಡಲ್ಲನ್ನು ಕೂಡಿಸಿಕೊಟ್ಟವನು ಅವನೇ. ಹ್ಯಾಂಡಲ್ಲಿಗೆ ಸುತ್ತುವ ಪಟ್ಟಿಯ ವಿಷಯದಲ್ಲಿ ಮಾತ್ರ ನಮಗೆ ಜಟಾಪಟಿಯಾಯಿತು.

"ಲೆದರ್ ಹಾಕಸ್ರಿ ಸಾರ್. ಬೆವರು ಹೀರತೈತಿ, ಹತ್ತು ವರ್ಷ ಬಾಳತೈತಿ. ಚಾಲಾ ಬಾಗುಂಟುಂದಿ," ಎಂದು ಅವನು ಕನ್ನಡ, ತೆಲುಗು ಎರಡರಲ್ಲೂ ಹೊಗಳಿದ. ನಾನು ಯೋಚಿಸಿದೆ. ಮನೆಯಲ್ಲಿ ಮಡಿಯ ತಾಯಿ. ನಡುಮನೆಯಲ್ಲಿ ಚರ್ಮ ತೂಗುಹಾಕಿದರೆ ಏನು ಗತಿ? ಹತ್ತಿಯ ಪಟ್ಟಿ ಸುತ್ತಿಸಿದೆ, ಸೀಟನ್ನೂ ರೆಕ್ಸಿನ್ನಿನದು ಹಾಕಿಸಿದೆ. ನನ್ನ ಸರ್ವನಾಶಕ್ಕೆ ಕಾರಣವಾದ ಸದ್ಬುದ್ಧಿ ಇದೇ.

ಇನ್ನು ಸಾಮಾನು. ಬೈಕ್‌ಪ್ಯಾಕಿಂಗಿನಲ್ಲಿ ಪ್ರತಿ ಗ್ರಾಮಿಗೂ ಬೆಲೆ. ಅಡುಗೆಮನೆಯ ತೂಕದ ಯಂತ್ರವನ್ನು ತಂದು ಒಂದೊಂದನ್ನೇ ತೂಗಿದೆ. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಅರ್ಧಕ್ಕೆ ಗರಗಸದಿಂದ ಕೊಯ್ದೆ. ಬನಿಯನ್ನಿನ ಕತ್ತಿನ ಚೀಟಿ ಕತ್ತರಿಸಿದೆ. ಸಿಂಧು ಬಾಗಿಲಲ್ಲಿ ನಿಂತು ನೋಡಿ, "ಹಂಗೇ ನೀವೂ ಒಮ್ಮೆ ಅದರ ಮ್ಯಾಲೆ ಕೂತು ಬಿಡ್ರಿ, ಮಷೀನಾದ್ರೂ ಹೊಸಾದು ಬರ್ತದ," ಎಂದಳು.

ಉಳಿದದ್ದು ಸೈಕಲ್ ಇಡುವ ಜಾಗ. ನಮ್ಮ ಪಾರ್ವತಿನಗರದ ಮನೆಯ ನಡುಮನೆಯಲ್ಲಿ, ಸೂರಿನ ಕೆಳಗೆ ಅಡ್ಡಲಾಗಿ ಒಂದು ಬಿದಿರಿನ ಗಳ ತೂಗುತ್ತಿತ್ತು. ನನ್ನ ತಾಯಿ ತಿರುಮಲಮ್ಮ ಬೆಳಗಿನ ಸ್ನಾನ ಮಾಡಿ, ಒಗೆದ ಒಂಬತ್ತು ಗಜದ ಸೀರೆಯನ್ನು ಕೋಲಿನಿಂದ ಮೇಲೆತ್ತಿ ಆ ಗಳದ ಮೇಲೆ ಹರವುವಳು. ಅದು ಮರುದಿನದ ಮಡಿ. ಅದನ್ನುಟ್ಟೇ ಪೂಜೆ, ಅದನ್ನುಟ್ಟೇ ಅಡುಗೆ. ನಡುವೆ ಯಾರ ಬೆರಳು ತಾಗಿದರೂ ಸೀರೆ ಮೈಲಿಗೆ, ಮತ್ತೆ ನೀರಿಗೆ ಬೀಳಬೇಕು. ಅಮ್ಮ ಎರಡು ತಿಂಗಳಿಗೆಂದು ಸಿರುಗುಪ್ಪದ ನನ್ನ ತಂಗಿ ಶ್ರೀಕೃತಿಯ ಮನೆಗೆ ಹೋಗಿದ್ದಳು. ಆ ಸಮಯ ಸಾಧಿಸಿ ನಾನು ಗಳ ಇಳಿಸಿದೆ. ಅದೇ ಜಾಗದಲ್ಲಿ ಎರಡು ರಾಟೆ ಹಾಕಿಸಿ, ಹಗ್ಗ ಎಳೆದರೆ ಸೈಕಲ್ಲು ಮೇಲೇರುವಂತೆ, ಬಿಟ್ಟರೆ ಇಳಿಯುವಂತೆ ಮಾಡಿದೆ. ಗಳವನ್ನು ತುಂಡು ಮಾಡಿ ಟೆಂಟಿನ ಗೂಟ ಕೆತ್ತಿಕೊಂಡೆ. (ಅಂಗಡಿಯ ಗೂಟಕ್ಕಿಂತ ಹಗುರ. ತೂಗಿದ್ದೇನೆ.)

ಆದರೆ ಹೊರಡುವುದು ಮಾತ್ರ ಒಂದಲ್ಲ ಒಂದು ಕಾರಣಕ್ಕೆ ಮುಂದಕ್ಕೆ ಹೋಗುತ್ತಲೇ ಇತ್ತು. ಮೂರು ಭಾನುವಾರ ಹೀಗೆ ಕಳೆದ ಮೇಲೆ ಸಿಂಧು ಷರತ್ತು ಹಾಕಿದಳು.

"ನೋಡ್ರಿ, ಧನುರ್ಮಾಸ ಹತ್ತೋ ಭಾನುವಾರ ನೀವು ಸೈಕಲ್ ತುಳಕೊಂಡು ಸಿರುಗುಪ್ಪ ಮುಟ್ಟಿದ್ರ ಸೈಕಲ್ ಅಲ್ಲೇ ಇರ್ತದ. ಮುಟ್ಟಲಿಲ್ಲ ಅಂದ್ರ ಅದು ಮನಿ ಬಿಟ್ಟು ಹೋಗ್ತದ. ನಾ ಅಲ್ಲಿ ಉಯ್ಯಾಲಿ ಹಾಕಸ್ತೀನಿ."

ನಾನು ಒಪ್ಪಿದೆ. ಶ್ರೀಕೃತಿಗೆ ಫೋನ್ ಮಾಡಿ ಭಾನುವಾರ ಮಧ್ಯಾಹ್ನದ ಊಟಕ್ಕೆ ಸೈಕಲ್ ಮೇಲೆ ಬರುತ್ತೇನೆಂದು ಘೋಷಿಸಿದೆ.

ಶನಿವಾರ ಮಧ್ಯಾಹ್ನ ಅಮ್ಮ ಧನುರ್ಮಾಸದ ಪೂಜೆಗೆಂದು ಬಸ್ಸಿನಲ್ಲಿ ಬಂದಿಳಿದಳು. ಚೀಲ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ನೋಡಿದಳು.

"ಏನೋ ಇದು?"

"ಸೈಕಲ್ಲಮ್ಮ."

"ಗಳ ಎಲ್ಲಿ?"

"ಅದು ಹಳೇದಾಗಿತ್ತಮ್ಮ," ಎಂದು ಹೇಳಿ, ಬೈಗುಳ ಬರುವುದರೊಳಗೆ ಮಾತು ತಿರುಗಿಸಿ ಹ್ಯಾಂಡಲ್ಲಿನ ಮಹಿಮೆಯನ್ನು ಹೇಳತೊಡಗಿದೆ. ಆಶ್ಚರ್ಯವೆಂದರೆ ಅಮ್ಮ ಕೇಳಿಸಿಕೊಂಡಳು.

"ತುಕ್ಕು ಹಿಡೀತದೇನು?"

"ಇಲ್ಲಮ್ಮ. ಅಲ್ಯೂಮಿನಿಯಂ."

"ಸುತ್ತಿದ್ದು ಚರ್ಮ ಏನೋ?"

"ಛೇ ಛೇ, ಶುದ್ಧ ಹತ್ತಿ. ಸೀಟು ಸೈತ ಚರ್ಮದ್ದಲ್ಲ."

"ಬಣ್ಣ ಬಿಡ್ತದ?"

"ಬಿಡೂದಿಲ್ಲಮ್ಮ."

"ಯಾರ್ಯಾರು ಮುಟ್ಟತಾರ ಇದನ್ನ?"

"ನಾನೊಬ್ಬನ ಬಿಟ್ಟು ಯಾರಿಗೂ ಮುಟ್ಟಲಿಕ್ಕೆ ಬಿಡೂದಿಲ್ಲ," ಎಂದೆ ಎದೆಯುಬ್ಬಿಸಿ.

ಅಮ್ಮ ಹಗ್ಗ ಹಿಡಿದು ಒಮ್ಮೆ ಇಳಿಸಿದಳು, ಒಮ್ಮೆ ಏರಿಸಿದಳು. "ಹಗುರ ಅದ," ಎಂದಳು. ನಾಲ್ಕು ತಿಂಗಳಲ್ಲಿ ಹ್ಯಾಂಡಲ್ಲಿನ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ನನ್ನ ಹೆತ್ತ ತಾಯಿ!

ಸಂಜೆ ದುರ್ಗೇಶನ ಅಂಗಡಿಯಿಂದ ಪಂಕ್ಚರ್ ಸಾಮಾನು ತರುವಷ್ಟರಲ್ಲಿ ಸೈಕಲ್ಲು ಮೇಲೆ ತೂಗುತ್ತಾ ತೊಟ್ಟಿಕ್ಕುತ್ತಿತ್ತು. ಸಿಂಧು ಕೆಳಗೆ ನೆಲ ಒರೆಸುತ್ತಿದ್ದಳು.

"ಸೈಕಲ್ ತೊಳದ್ಯಾ?"

"ಹೂಂ. ಅಂಗಳದಾಗಿಟ್ಟು ನಾಕು ಬಿಂದಿಗಿ ಹಾಕಿದೆ. ಕಡೀದು ಅತ್ತಿಯವರೇ ಹಾಕಿ ಮ್ಯಾಲೆ ಏರಿಸಿದ್ರು."

ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಇಂಥ ಪ್ರೀತಿಯನ್ನು ನಾನು ಕಂಡಿರಲಿಲ್ಲ. ಅತ್ತೆ ಸೊಸೆ ಕೂಡಿ ನನ್ನ ವಾಹನಕ್ಕೆ ಮಂಗಳಸ್ನಾನ ಮಾಡಿಸಿದ್ದಾರೆ! ಒಂದು ತುಳಸಿ ಎಲೆ ಸೀಟಿಗೆ ಅಂಟಿಕೊಂಡಿತ್ತು. ಆಗಲೇ ನನಗೆ ಹೊಳೆಯಬೇಕಿತ್ತು.

ಬೆಳಗ್ಗೆ ಐದೂವರೆಗೆ, ಚಡ್ಡಿ, ಟೊಪ್ಪಿಗೆ, ಕೈಗವಸು ಧರಿಸಿ ವೀರವೇಷದಲ್ಲಿ ನಡುಮನೆಗೆ ಬಂದೆ. ಮೇಲೆ ನೋಡಿದೆ. ಸೈಕಲ್ಲು ಇರಲಿಲ್ಲ. ಅಂದರೆ ಇತ್ತು, ಕಾಣುತ್ತಿರಲಿಲ್ಲ. ಟಗರುಕೊಂಬಿನ ಈ ತುದಿಯಿಂದ ಹಿಂದಿನ ಚಕ್ರದವರೆಗೆ ಅಮ್ಮನ ಹಸಿರು ಸೀರೆ, ಒಂದು ಸುಕ್ಕೂ ಇಲ್ಲದೆ ಹರವಿಕೊಂಡಿತ್ತು.

ದೇವರ ಕೋಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವುದರೊಳಗೆ ಹುಗ್ಗಿಯ ನೈವೇದ್ಯ ಆಗಲೇಬೇಕು. ಅಮ್ಮ ಐವತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿದವಳಲ್ಲ. "ಅಮ್ಮಾ," ಎಂದು ಬಾಗಿಲಿನಿಂದ ಕೂಗಿದೆ. ಅಮ್ಮ ಮೌನದಲ್ಲಿದ್ದಳು. "ಹ್ಞೂಂ ಹ್ಞೂಂ," ಎಂದು ಕೈಯಾಡಿಸಿ ದೂರ ನಿಲ್ಲಲು ಹೇಳಿದಳು. ಟೊಪ್ಪಿಗೆ ಹಾಕಿಕೊಂಡೇ ಮುಕ್ಕಾಲು ಗಂಟೆ ನಿಂತೆ.

"ಅಮ್ಮ, ಆ ಸೀರಿ ಸ್ವಲ್ಪ ತೆಗೀತಿಯೇನು?" ಎಂದೆ, ಮಂಗಳಾರತಿ ಮುಗಿದ ಮೇಲೆ.

"ತೆಗದು ಎಲ್ಲಿ ಹಾಕಲಿ? ಗಳ ಎಲ್ಲಿ?"

"ಮಾಳಿಗಿ ಮ್ಯಾಲೆ?"

"ಕಾಗಿ ಮುಟ್ಟತಾವ."

"ಒಂದೇ ಒಂದ್ಸಲಕ್ಕಮ್ಮ. ನಾನೇ ಮೆಲ್ಲಗೆ..."

"ಅದು ನಾಳಿನ ಸೀರಿ," ಎಂದಳು ಅಮ್ಮ ಶಾಂತವಾಗಿ. "ನೀ ಮುಟ್ಟಿದ್ರ ನಾ ಮತ್ತ ತಣ್ಣೀರು ಸುರಕೋಬೇಕು, ಮತ್ತ ಒಗೀಬೇಕು. ಇರಲಿ, ಮುಟ್ಟು. ಎಪ್ಪತ್ತಾರು ವರ್ಷ ಆತು, ಇನ್ನೊಂದು ಸಲ ಸ್ನಾನ ಮಾಡಿದ್ರ ಸಾಯೂದಿಲ್ಲ."

ಮುಟ್ಟಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಮುಟ್ಟು ಎಂದವಳೊಡನೆ ಏನು ಮಾಡುವುದು? ಅಮ್ಮ ಬಲಭುಜವನ್ನು ಒತ್ತಿಕೊಳ್ಳುತ್ತಾ ಹೇಳಿದಳು:

"ಆ ಗಳಕ್ಕ ಕೋಲು ಎತ್ತಿ ಎತ್ತಿ ಈ ಭುಜ ಬಿದ್ದೇ ಹೋಗಿತ್ತು ನೋಡು. ಯಾರಿಗೂ ಹೇಳಿದ್ದಿಲ್ಲ. ಇವತ್ತ ಹಗ್ಗ ಎಳದೆ, ಹೂ ಎತ್ತಿದಂಗ ಹೋತು. ನನ್ನ ಮಗ ನನ್ನ ಸಲುವಾಗಿ ಮಾಡಸ್ಯಾನ ಅಂತ ದೇವರ ಮುಂದ ಹೇಳಿದೆ."

ನನಗೆ ನಾಚಿಕೆಯಾಯಿತು. ಹ್ಯಾಂಡಲ್ ಹಿಡಿದು ನನ್ನ ಕೈ ಜೋಮು ಹಿಡಿದೀತೆಂದು ನಾಲ್ಕು ತಿಂಗಳು ಚಿಂತಿಸಿದ ನಾನು, ಅಮ್ಮನ ಭುಜ ನೋಯುತ್ತದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. "ಹೌದಮ್ಮ, ನಿನ್ನ ಸಲುವಾಗಿನೇ," ಎಂದುಬಿಟ್ಟೆ. ದೇವರು ಒಳಗೇ ಇದ್ದ, ಕೇಳಿಸಿಕೊಂಡಿರಬೇಕು.

ಹೊರಗೆ ಬಂದರೆ ಸಿಂಧು ಮೆಟ್ಟಿಲ ಕೆಳಗಿನಿಂದ ಮಗಳ ಹಳೆಯ ಸೈಕಲ್ಲನ್ನು ಎಳೆದು ಗಾಳಿ ಹಾಕುತ್ತಿದ್ದಳು. ಮಗಳು ಧಾರವಾಡದ ಹಾಸ್ಟೆಲಿಗೆ ಹೋದಾಗಿನಿಂದ ಅದು ಅಲ್ಲೇ ಇತ್ತು. ಗುಲಾಬಿ ಬಣ್ಣ. ಮುಂದೆ ಬುಟ್ಟಿ. ಹ್ಯಾಂಡಲ್ ಸವಾರನ ಕಡೆಗೇ ಬಾಗಿ, ಬಾ ಎಂದು ಕೈ ಚಾಚಿದಂತಿತ್ತು.

"ಷರತ್ತಿನೊಳಗ ಸೈಕಲ್ ಅಂದಿದ್ದೆ. ಯಾವ ಸೈಕಲ್ ಅಂದಿದ್ದಿಲ್ಲ," ಎಂದಳು. ಅಯ್ಯೋ, ನನ್ನ ಹೆಂಡತಿಗೂ ಕರುಣೆ ಇದೆ ಎಂದುಕೊಂಡೆ. (ಇದೂ ತಪ್ಪು ತಿಳುವಳಿಕೆ.)

ನಾನು ತಂದಿದ್ದ ಚೀಲಗಳು ಆ ಸೈಕಲ್ಲಿಗೆ ಕೂರಲಿಲ್ಲ. ಸಾಮಾನನ್ನೆಲ್ಲ ಬುಟ್ಟಿಗೆ ಸುರಿದೆ. "ತಂಗಿ ಮನಿಗೆ ಬರಿಗೈಲೆ ಹೋಗಬ್ಯಾಡೋ," ಎಂದು ಅಮ್ಮ ಹುಗ್ಗಿ ತುಂಬಿದ ಮೂರು ಅಂತಸ್ತಿನ ಸ್ಟೀಲಿನ ಕ್ಯಾರಿಯರ್ ಕಳಿಸಿದಳು. ಸಿಂಧು ಅದನ್ನು ಹ್ಯಾಂಡಲ್ಲಿಗೆ ನೇತುಹಾಕಿದಳು. ಅರ್ಧ ಬ್ರಶ್ಶಿನಿಂದ ಉಳಿಸಿದ ಆರು ಗ್ರಾಮು ಅಲ್ಲಿಗೆ ತೀರಿತು.

ಕುರುಗೋಡು ಮುಟ್ಟುವಾಗ ಒಂಬತ್ತೂವರೆ. ದಾರಿಯುದ್ದಕ್ಕೂ ಶಾಲೆ ಮಕ್ಕಳು, ಭಾನುವಾರವಾದರೂ ಎಲ್ಲಿಂದ ಬಂದರೋ, ಬೆಲ್ ಹೊಡಿ ಎಂದು ಕೂಗಿದರು. ಚಹಾ ಅಂಗಡಿಯ ಮೂಕಪ್ಪ (ಹೆಸರಷ್ಟೇ, ಮಾತಿಗೆ ಕೊರತೆಯಿಲ್ಲ) ಸೈಕಲ್ಲನ್ನು ಸುತ್ತು ಹಾಕಿ ನೋಡಿದ.

"ಎಲ್ಲಿಗ್ರಿ ಸ್ವಾಮೇರು?"

"ಸಿರುಗುಪ್ಪಕ್ಕ."

"ಹ್ಯಾಂಡಲ್ ಬೇಷ್ ಐತ್ರಿ. ನೆಟ್ಟಗ ಕುಂದ್ರಾಕ ಬರತೈತಿ. ಮೊನ್ನಿ ಒಬ್ಬ ಬಂದಿದ್ದ, ಟಗರಿನ ಕೊಂಬಿನಂಥಾದ್ದು ಇತ್ತು. ಬಗ್ಗಿ ಬಗ್ಗಿ ನಡಾ ಹಿಡಕೊಂತು, ಬಸ್ಸಿನ್ಯಾಗ ವಾಪಸ್ ಹ್ವಾದ."

ನಾನು ಎರಡನೇ ಚಹಾ ಹೇಳಿ ಮಾತು ಬದಲಿಸಿದೆ.

ಒಂದೂ ಕಾಲಿಗೆ ಸಿರುಗುಪ್ಪ. ಕಾಲು ಸೋತಿತ್ತು, ಸೀಟಿನ ವಿಚಾರ ಹೇಳುವಂತಿಲ್ಲ, ಆದರೆ ಕೈ ಜೋಮು ಹಿಡಿದಿರಲಿಲ್ಲ. ಶ್ರೀಕೃತಿ ಗೇಟಿನಲ್ಲೇ ವಿಡಿಯೋ ಮಾಡಿದಳು. "ಅಣ್ಣಾ, ಹೊಸಾ ಸೈಕಲ್ ಅಂದಿದ್ದಿ, ಹುಡುಗೀರದ್ದು ಅಂತ ಹೇಳಿದ್ದಿಲ್ಲ!" ಎಂದು ನಕ್ಕಳು. ನಾನು ನಗಲಿಲ್ಲ. ಗೆದ್ದವನು ನಗಬೇಕಾಗಿಲ್ಲ. ಮರುದಿನ ರಜೆ ಹಾಕಿ, ತೆಕ್ಕಲಕೋಟೆಯ ಮೇಲೆ, ಭತ್ತದ ಲಾರಿಗಳಿಗೆ ದಾರಿ ಬಿಟ್ಟುಕೊಡುತ್ತಾ ಮನೆಗೆ ಬಂದೆ.

"ಸಿಂಧು, ಮಾತು ಕೊಟ್ಟಿದ್ದಿ. ಸೈಕಲ್ ಎಲ್ಲೂ ಹೋಗೂದಿಲ್ಲ."

"ಮಾತು ಅಂದ್ರ ಮಾತು," ಎಂದಳು ಸಿಂಧು. "ಅಲ್ಲೇ ಇರ್ತದ."

ಅಲ್ಲೇ ಇದೆ. ಈವತ್ತು ಕನಕಾಂಬರ ಬಣ್ಣದ ಸೀರೆ. ಧನುರ್ಮಾಸ ಮುಗಿದರೆ ಬಿಡುಗಡೆ ಎಂದುಕೊಂಡಿದ್ದೆ, ಆದರೆ ಅಮ್ಮನ ಮಡಿಗೆ ಮಾಸದ ಮಿತಿಯಿಲ್ಲ. ಹೊಸ ಗಳ ತಂದುಕೊಡಬಹುದು. ಎರಡು ಸಲ ಬಿದಿರಿನ ಅಂಗಡಿಯವರೆಗೂ ಹೋದೆ. ಅಮ್ಮ ಹಗ್ಗ ಎಳೆಯುವಾಗಿನ ಮುಖ ನೆನಪಾಗಿ ವಾಪಸು ಬಂದೆ. ಅವಳು ಭಜನಾ ಮಂಡಳಿಯವರನ್ನೆಲ್ಲ ಕರೆದು, "ನನ್ನ ಸುಜಯ ನನಗಂತ ಮಾಡಸಿಕೊಟ್ಟದ್ದು," ಎಂದು ಏರಿಸಿ ಇಳಿಸಿ ತೋರಿಸುತ್ತಾಳೆ.

ಮೊನ್ನೆ ಪವಮಾನ ಫೋನ್ ಮಾಡಿದ. "ಸುಜಯಾ, ನಿನ್ನ ಹ್ಯಾಂಡಲ್ ವಿಚಾರ ಸ್ವಲ್ಪ ಹೇಳಪಾ," ಎಂದ. ನನಗೆ ರೋಮಾಂಚನವಾಯಿತು. ಆಕಳಿಸಿ ಓಡಿಹೋದವನೇ ಶಿಷ್ಯನಾಗಿ ಬಂದಿದ್ದಾನೆ! ಕುರ್ಚಿ ಎಳೆದುಕೊಂಡು ಕೂತು, ಅಗಲ, ಬಾಗು, ಚಾಚು, ಲೋಹ, ಪಟ್ಟಿ, ಎದುರುಗಾಳಿ ಎಲ್ಲವನ್ನೂ ಅರ್ಧ ಗಂಟೆ ಹೇಳಿದೆ. ಅವನು ಒಮ್ಮೆಯೂ ಆಕಳಿಸಲಿಲ್ಲ. ಮುಗಿದ ಮೇಲೆ ಕೇಳಿದ:

"ಅದೆಲ್ಲಾ ಇರಲಿ. ಒಂಬತ್ತು ಗಜದ್ದು ಹರವಿದ್ರ ಸೆರಗು ನೆಲಕ್ಕ ತಾಕೂದಿಲ್ಲ ಹೌದಲ್ಲೋ? ನಮ್ಮಮ್ಮ ನಿಮ್ಮ ಮನ್ಯಾಗ ನೋಡಿ ಬಂದು ಊಟಾ ಬಿಟ್ಟು ಕೂತಾಳ, ಅಂಥಾದ್ದೇ ಬೇಕಂತ. ಮತ್ತ, ಆ ದುರ್ಗೇಶ ಚಕ್ರ, ಪೆಡಲ್ ತೆಗದು ಕೊಡ್ತಾನೇನು? ಅವು ನಮಗೇನೂ ಉಪಯೋಗ ಇಲ್ಲ ನೋಡು."