ಮೈನಸ್ಸು ಎಷ್ಟು ಜನರನ್ನು ಕಾಯಬೇಕು?

ಡೇಲ್: ಎರಡೇ ಎರಡು ಅಂಕ, ಟೀಚರ್! ನಾನೇನು ನಿಮ್ಮ ಕಿಡ್ನಿ ಕೇಳಿದ್ನಾ?

ಆರ್ಡಿತ್: ಕಿಡ್ನಿ ಕೇಳಿದ್ರೆ ಯೋಚನೆ ಮಾಡ್ತಿದ್ದೆ. ಅದು ನನ್ನ ಹತ್ರ ಎರಡಿದೆ.

ಅಮೆರಿಕದ ಅಯೋವಾ ರಾಜ್ಯದ ಹಾರ್ಲೋ ಕ್ರೀಕ್ ಎಂಬ ನಮ್ಮೂರಿನ ಹೈಸ್ಕೂಲು. ಫೆಬ್ರವರಿಯ ಒಂದು ಬುಧವಾರ, ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಮನೆಗೆ ಹೋಗಿದ್ದಾರೆ. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಡೇಲ್ ಓಲ್ಟ್‌ಮನ್, ಆರಡಿ ನಾಲ್ಕಂಗುಲದ ಆಳು, ಬೀಜಗಣಿತದ ಆರ್ಡಿತ್ ಟೀಚರ್ ಮುಂದೆ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಸಿಕ್ಕಿಕೊಂಡಿದ್ದಾನೆ. ಮೇಜಿನ ಮೇಲೆ ಅವನ ಹೆಂಡತಿ ಮಾಡಿಕೊಟ್ಟ ಕುಂಬಳಕಾಯಿ ಕೇಕಿನ ಡಬ್ಬಿ. ಶುಕ್ರವಾರ ಪಕ್ಕದೂರಿನ ಮೇಲೆ ಪಂದ್ಯ. ಅರವತ್ತು ಅಂಕ ಬಾರದವರು ಅಂಕಣಕ್ಕೆ ಇಳಿಯುವಂತಿಲ್ಲ ಎಂಬುದು ಶಾಲೆಯ ಕಟ್ಟಳೆ. ತಂಡವನ್ನು ಹೆಗಲ ಮೇಲೆ ಹೊತ್ತ ಬ್ರೆನ್ನಾಗೆ ಬಂದಿರುವುದು ಐವತ್ತೆಂಟು.

ಡೇಲ್: ಚರ್ಚಲ್ಲಿ ಪ್ರಾರ್ಥನೆ ಪಟ್ಟಿಗೆ ಬ್ರೆನ್ನಾ ಹೆಸರು ಸೇರಿಸಿದಾರೆ.

ಆರ್ಡಿತ್: ಕಾಯಿಲೆ ಬಿದ್ದವರ ಪಟ್ಟಿಗಾ?

ಡೇಲ್: ಹೂಂ. ಕಾಯಿಲೆ ಹೆಸರು ಆರ್ಡಿತ್ ಅಂತ ಬರೆದಿಲ್ಲ, ಅಷ್ಟೇ.

ಟೀಚರ್ ಉತ್ತರಪತ್ರಿಕೆಯನ್ನು ಅವನ ಮುಂದೆ ತಳ್ಳಿದರು. ಲೆಕ್ಕ: (5x² + 3x − 4) − (2x² − 7x + 1). ಬ್ರೆನ್ನಾ ಬರೆದದ್ದು: 3x² − 4x − 3.

ಆರ್ಡಿತ್: ಆವರಣದ ಮುಂದೆ ಮೈನಸ್ ಇದ್ರೆ ಒಳಗಿರೋ ಮೂರೂ ಪದಗಳ ಚಿಹ್ನೆ ಬದಲಾಗ್ಬೇಕು. ಇವಳು ಮೊದಲನೇದನ್ನ ಕಳೆದು, ಮಿಕ್ಕೆರಡನ್ನ ಹಾಗೇ ಬಿಟ್ಟಿದಾಳೆ.

ಡೇಲ್: ಮೂರರಲ್ಲಿ ಒಂದು ಸರಿ ಇದೆಯಲ್ಲ! ಮೂರು ಎಸೆತದಲ್ಲಿ ಒಂದು ಬುಟ್ಟಿಗೆ ಬಿದ್ರೆ ನಾವು ಚಪ್ಪಾಳೆ ಹೊಡೀತೀವಿ.

ಆರ್ಡಿತ್: ಸೇತುವೆಯ ಮೂರು ಕಂಬದಲ್ಲಿ ಒಂದು ಗಟ್ಟಿ ಇದ್ರೆ?

ಡೇಲ್: ಹುಡುಗಿ ಸೇತುವೆ ಕಟ್ತೀನಿ ಅಂದಿಲ್ಲವಲ್ಲ. ಅಷ್ಟಕ್ಕೂ ತಪ್ಪೇನು? ಮೈನಸ್ ಅನ್ನೋದು ಆಟಗಾರ್ತಿ ಇದ್ದಂಗೆ. ತನ್ನೆದುರಿಗೆ ನಿಂತವಳನ್ನ ಅಡ್ಡಗಟ್ಟಿ ಕಾಯುತ್ತೆ. ಹಿಂದಿರೋ ಇಬ್ಬರು ಬೇರೆಯವರ ಪಾಲು.

ಡಬ್ಬಿಯ ಕಡೆ ಹೊರಟಿದ್ದ ಟೀಚರ್ ಕೈ ನಡುದಾರಿಯಲ್ಲೇ ನಿಂತಿತು.

ಆರ್ಡಿತ್: ಇನ್ನೊಂದ್ಸಲ ಹೇಳು.

ಡೇಲ್: ಎದುರಿಗೆ ನಿಂತವಳನ್ನ... ಯಾಕೆ?

ಆರ್ಡಿತ್: ಉತ್ತರದ ಪಕ್ಕದಲ್ಲಿ ಬ್ರೆನ್ನಾ ಇದೇ ಮಾತು ಬರೆದಿದಾಳೆ. ಅವಳೊಬ್ಬಳೇ ಅಲ್ಲ, ಇಪ್ಪತ್ತಮೂರು ಮಕ್ಕಳದು ಇದೇ ತಪ್ಪು. ಹೋದ ವರ್ಷ ಎಂಟನೇ ಕ್ಲಾಸಲ್ಲಿ ಇವರಿಗೆಲ್ಲ ಗಣಿತ ಹೇಳಿಕೊಟ್ಟ ಪುಣ್ಯಾತ್ಮ ಯಾರು?

ಕೋಚ್ ಕೆಲಸಕ್ಕೆ ಬಂದವನ ಕೊರಳಿಗೆ ಒಂದು ತರಗತಿಯನ್ನೂ ಕಟ್ಟುವುದು ನಮ್ಮ ಕಡೆಯ ಹಳೇ ರೂಢಿ. ಡೇಲ್ ಚಾವಣಿ ನೋಡಿದ.

ಡೇಲ್: ನಾನು ಚರಿತ್ರೆ ಕೊಡಿ ಅಂದೆ. ಖಾಲಿ ಇದ್ದದ್ದು ಗಣಿತ.

ಆರ್ಡಿತ್: ಚರಿತ್ರೆ ಬದುಕ್ಕೊಳ್ತು. ಸಜಾತಿ ಪದಗಳನ್ನ ಕೂಡಿಸೋದು ಹೆಂಗೆ ಹೇಳಿಕೊಟ್ಟೆ?

ಡೇಲ್: x ಕಂಡದ್ದನ್ನೆಲ್ಲ ಒಟ್ಟಿಗೆ ಸೇರಿಸಿ ಅಂದೆ. ಒಗ್ಗಟ್ಟಿನಲ್ಲಿ ಬಲ.

ಆರ್ಡಿತ್: ಪುಣ್ಯಕ್ಕೆ ಬ್ರೆನ್ನಾ ಆವತ್ತು ರಜಾ ಇರಬೇಕು. x ವರ್ಗ ಬೇರೆ, x ಬೇರೆ ಕಣೋ! ನಿನ್ನ ತಂಡದಲ್ಲಿ ಹನ್ನೆರಡು ಹುಡುಗಿಯರು, ಐದು ಚೆಂಡು. ಎರಡನ್ನೂ ಸೇರಿಸಿ ಹದಿನೇಳು ಅಂತ ಯಾವನಾದ್ರೂ ಎಣಿಸ್ತಾನಾ?

ಡೇಲ್ ಬೆರಳು ಮಡಚಿ ಏನೋ ಎಣಿಸತೊಡಗಿದ.

ಆರ್ಡಿತ್: ಡೇಲ್?

ಡೇಲ್: ಹೋದ ವಾರ ಪರವೂರಲ್ಲಿ ಆಡಿ ಬರುವಾಗ ಬಸ್ಸಲ್ಲಿ ಹದಿನೇಳು ಎಣಿಸ್ದೆ, ಸರಿಹೋಯ್ತು. ಇಪ್ಪತ್ತು ಮೈಲಿ ಬಂದ್ಮೇಲೆ ನೋಡಿದ್ರೆ ಆ ಊರಿನವರ ಚೆಂಡೊಂದು ನಮ್ಮ ಚೀಲದಲ್ಲಿತ್ತು.

ಆರ್ಡಿತ್: ಮತ್ತೆ ಅಲ್ಲೇ ಉಳಿದ ಹುಡುಗಿ?

ಡೇಲ್: ಅವರ ತಂಡದ ಜೊತೆ ಪಿಜ್ಜಾ ತಿಂತಿದ್ಲು. ವಾಪಸ್ ಬರೋಕೇ ಒಪ್ಪಲಿಲ್ಲ.

ಟೀಚರ್ ನಕ್ಕಿದ್ದೇ ತಪ್ಪಾಯಿತು. ಡೇಲ್ ಸಿಟ್ಟಿನಲ್ಲಿ ಎದ್ದ. ಅವನ ಜೊತೆ ಬೆಂಚೂ ಎದ್ದಿತು.

ಡೇಲ್: ಎಲ್ಲಾ ನನ್ನ ತಲೆಗೇ ಕಟ್ಟಿ! ನನಗೆ ಬೀಜಗಣಿತ ಹೇಳಿಕೊಟ್ಟಿದ್ದು ಯಾರು? ಇದೇ ಕೋಣೆಯಲ್ಲಿ, ನೀವೇ! ನಾನು ಪಾಸಾಗಿದ್ದೆ!

ಆರ್ಡಿತ್ ಟೀಚರ್ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

ಆರ್ಡಿತ್: ಎಷ್ಟು ಬಂದಿತ್ತು?

ಡೇಲ್: ಅರವತ್ತು. ಸರಿಯಾಗಿ ಅರವತ್ತು.

ಆರ್ಡಿತ್: ಐವತ್ತೆಂಟು. ಪಂದ್ಯದ ಹಿಂದಿನ ದಿನ ನಿನ್ನ ಕೋಚು ಬಂದು ಇಲ್ಲೇ ಕೂತಿದ್ದ. ಆಪಲ್ ಪೈ ತಂದಿದ್ದ. ತಿಂದೆ. ಎರಡು ಅಂಕ ಕೊಟ್ಟೆ.

ಡೇಲ್: ಆ ಪಂದ್ಯ ನಾವು ಸೋತ್ವಿ.

ಆರ್ಡಿತ್: ನಾನು ಇವತ್ತಿಗೂ ಸೋಲ್ತಾನೇ ಇದೀನಿ. ಆ ಎರಡು ಅಂಕ ಮರಿ ಹಾಕಿ ಇಪ್ಪತ್ತಮೂರಾಯ್ತು ನೋಡು.

ಡೇಲ್ ಬೆಂಚಿನ ಸಮೇತ ಮೆಲ್ಲಗೆ ಕೂತ.

ಡೇಲ್: ಹಾಗಾದ್ರೆ ಬ್ರೆನ್ನಾ ಗತಿ?

ಆರ್ಡಿತ್: ತಪ್ಪು ಅವಳದಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಎಲ್ಲರಿಗೂ ಮತ್ತೆ ಪಾಠ, ಮಧ್ಯಾಹ್ನ ಮರುಪರೀಕ್ಷೆ. ಮೈನಸ್ಸು ಒಬ್ಬಳನ್ನಲ್ಲ, ಆವರಣದ ಇಡೀ ಜಾಗ ಕಾಯುತ್ತೆ ಅಂತ ಹೇಳ್ತೀನಿ.

ಡೇಲ್: ಓಹೋ, ಆಳನ್ನ ಬಿಟ್ಟು ಜಾಗ ಕಾಯೋ ಆಟ! ಮೂವತ್ತು ವರ್ಷದ ಹಿಂದೇನೇ ಹೀಗಂದಿದ್ರೆ ಆಗ್ತಿರಲಿಲ್ವಾ? ಅಂದ್ರೆ ಮೈನಸ್ ಏಳು ಪ್ಲಸ್ ಆಗಿ, ಮೂರಕ್ಕೆ ಸೇರಿ... ಹತ್ತು!

ಆರ್ಡಿತ್: ಭೇಷ್. ಕೊನೇದು?

ಡೇಲ್: ಮೈನಸ್ ಮೂರು.

ಆರ್ಡಿತ್: ಮೈನಸ್ ಐದು ಕಣೋ! ನಾಳೆಗೆ ಇಪ್ಪತ್ತನಾಲ್ಕು ಪ್ರಶ್ನೆಪತ್ರಿಕೆ ಬೇಕು.

ಡೇಲ್: ಇನ್ನೊಂದು ಯಾರಿಗೆ?

ಆರ್ಡಿತ್: ಅರವತ್ತು ಬಾರದವರು ಅಂಕಣಕ್ಕೆ ಇಳಿಯೋ ಹಾಗಿಲ್ಲ. ಕೋಚಿಗೆ ಅಂತ ಬೇರೆ ಕಟ್ಟಳೆ ಎಲ್ಲೂ ಬರೆದಿಲ್ಲ. ತಗೋ, ಪೆನ್ಸಿಲ್.

ಗುರುವಾರ ಸಂಜೆ ಅದೇ ಬೆಂಚಿನಲ್ಲಿ ಬ್ರೆನ್ನಾ ಬಂದು ಕೂತಳು. ಮರುಪರೀಕ್ಷೆಯಲ್ಲಿ ಅವಳಿಗೆ ಎಂಬತ್ತೊಂದು ಬಂದಿತ್ತು. ಶುಕ್ರವಾರ ಅವಳು ಆಡುವುದು ಖಂಡಿತವಾಗಿತ್ತು. ಆದರೂ ಮುಖ ಸಣ್ಣದಾಗಿತ್ತು, ಮಡಿಲಲ್ಲಿ ಕೇಕಿನ ಡಬ್ಬಿ ಇತ್ತು.

ಬ್ರೆನ್ನಾ: ಎರಡೇ ಎರಡು ಅಂಕ, ಟೀಚರ್. ಪಾಪ, ನಮ್ಮ ಕೋಚು ಹೊರಗೆ ನಿಂತಿದಾರೆ.