ಹೊಗೆಯಿಲ್ಲದ ಒಲೆ ಮತ್ತು ಬಿಸಿ ರೊಟ್ಟಿ

ತಪ್ಪೆಲ್ಲ ದೂರದವರದೇ ಎಂದು ನಂಬಿದರೆ ಮನುಷ್ಯನಿಗೆ ಊಟ ಚೆನ್ನಾಗಿ ಸೇರುತ್ತದೆ. ಐದನೆಯ ಕ್ಲಾಸಿಗೇ ಶಾಲೆ ಬಿಟ್ಟ ನಾನು ಇಷ್ಟನ್ನು ಯಾರೂ ಕಲಿಸದೆಯೇ ಕಲಿತೆ. ಕಲಬುರಗಿಯ ರೋಜಾ ಬಡಾವಣೆಯ ಹತ್ತಿರ ನನ್ನದು ತಗಡಿನ ಅಂಗಡಿ. ನಾನು ಮಾಡಿದ ಟ್ರಂಕು ಮದುಮಗಳ ಜೊತೆ ಹೋದರೆ ಅವಳ ಮೊಮ್ಮಗಳ ಕಾಲಕ್ಕೂ ಕೀಲು ಸಡಿಲಾಗುವುದಿಲ್ಲ. ಮನೆ ಕಮಲಾಪುರದಲ್ಲಿ, ದಿನಾ ಬಸ್ಸಿನ ಓಡಾಟ. ಒಂದು ಸಂಜೆ ಬಸ್ಸಿನಲ್ಲಿ ಪಕ್ಕದವರ ಪೇಪರಿನಲ್ಲಿ ಓದಿದೆ: ಜಪಾನಿನಲ್ಲಿ ದೇಶಗಳೆಲ್ಲ ಕೂತು, ಭೂಮಿಯನ್ನು ಕಾಯಿಸುವ ಹೊಗೆ, ಅನಿಲ ಕಡಿಮೆ ಮಾಡುವ ಒಪ್ಪಂದಕ್ಕೆ ಬಂದಿವೆಯಂತೆ, ಆದರೆ ಹೆಚ್ಚು ಹೊಗೆ ಬಿಡುವ ದೊಡ್ಡವರಿಗೇ ತಮ್ಮ ಸುಖ ಬಿಡಲು ಮನಸ್ಸಿಲ್ಲವಂತೆ. ದಾರಿಯ ಮಹಾಗಾಂವ ಬರುವವರೆಗೂ ಅವರನ್ನು ಬೈದೆ, ಮನೆಗೆ ಬಂದು ಹೆಂಡತಿಯ ಮುಂದೂ ಬೈದೆ. ಬೇಸಿಗೆಯ ಕಲಬುರಗಿಯಲ್ಲಿ ತಗಡು ಬಡಿಯುವವನಿಗೆ ಭೂಮಿ ಕಾಯುವುದನ್ನು ಪೇಪರಿನವರು ತಿಳಿಸಬೇಕೇ?

ಬೈಯುವ ಹಕ್ಕೂ ನನಗಿತ್ತು. ನನ್ನ ಹೆಂಡತಿ ನಾಗಮ್ಮನ ಎದೆ ಹೊಗೆಯಿಂದಲೇ ಕೆಟ್ಟಿತ್ತು. "ಒಲಿ ಮುಂದ ಕೂಡೂದು ಕಮ್ಮಿ ಆಗ್ಲಿಲ್ಲಂದ್ರ ಈ ಕೆಮ್ಮು ಅಕೀನ್ನ ಬಿಡಂಗಿಲ್ಲ ನೋಡ್ರಿ," ಎಂದಿದ್ದರು ಡಾಕ್ಟರು. ಗ್ಯಾಸಿಗೆ ಹೆಸರು ಬರೆಸಿ ಕಾಯುತ್ತಿದ್ದೆವು. ಅಷ್ಟರಲ್ಲಿ ಸರಕಾರದವರು ಹೊಗೆಯಿಲ್ಲದ ಒಲೆ ಹಾಕಿಕೊಟ್ಟರು. ಕಟ್ಟಿಗೆ ಕಡಿಮೆ, ಹೊಗೆಯೆಲ್ಲ ಕೊಳವೆಯಿಂದ ಮಾಳಿಗೆಯ ಮೇಲಕ್ಕೆ. ಅವರ ಕೊಳವೆ ನೋಡಿ ನನಗೆ ನಗು ಬಂತು. ಅದನ್ನು ಕಿತ್ತು ನನ್ನ ಕೈಯ ಕೊಳವೆ ಕೂರಿಸಿದೆ. ಎಂಥ ಸೆಳೆತ! ಓಣಿಯ ಮಂದಿಯನ್ನು ಕರೆದು ತೋರಿಸಿದೆ.

ಬೇಳೆ ಬೆಂದಿತು, ಅನ್ನವಾಯಿತು, ಹೊಗೆ ಕಾಣಲಿಲ್ಲ. ರೊಟ್ಟಿಯ ಸರದಿ ಬಂತು. ಜೋಳದ ರೊಟ್ಟಿ ಹಂಚಿನ ಮೇಲೆ ಬೆಂದರೆ ಸಾಲದು; ಒಲೆಯ ಬಾಯಿಗೆ ಕೆಂಡ ಎಳೆದು, ಅದಕ್ಕೆ ಆನಿಸಿ ನಿಲ್ಲಿಸಿದಾಗಲೇ ಉಬ್ಬುವುದು. ಈ ಒಲೆ ಕಂಡುಹಿಡಿದವರು ಅನ್ನ ಉಣ್ಣುವವರಿರಬೇಕು, ಬಾಯಿ ಅಷ್ಟು ಸಣ್ಣದು. ನಾನು ಅದನ್ನು ಒಡೆದು ದೊಡ್ಡದು ಮಾಡಿದೆ. ಕೊಳವೆ ಸೆಳೆಯುವುದನ್ನೇ ಬಿಟ್ಟಿತು. ನಾಗಮ್ಮ ಕೆಂಡ ಎಳೆದಳು, ಹಿಂದೆಯೇ ಹೊಗೆಯೂ ಮನೆ ತುಂಬಿತು.

"ವಾರಕ್ಕೊಮ್ಮಿ ಅಂಗಳದಾಗ ಒಲಿ ಹೂಡಿ ರೊಟ್ಟಿ ಬಡದು, ಖಡಕ್ ಮಾಡಿ ಇಡ್ತೀನ್ರಿ. ದಿನಾ ಹೊಗಿ ಕುಡಿಯೂದು ತಪ್ಪತದ," ಎಂದಳು ಕೆಮ್ಮುತ್ತ.

"ಮತ್ತ ಬಿಸಿ ರೊಟ್ಟಿ?"

"ನಿಮ್ಮ ನಾಲಿಗೀನೂ ಆ ಜಪಾನಕ್ಕ ಕಳಸ್ರಿ, ಒಪ್ಪಂದ ಮಾಡ್ಕೊಂಡು ಬರ್ಲಿ!"

ಇಬ್ಬರೂ ನಕ್ಕೆವು. ಅವಳ ನಗು ನಡುವೆಯೇ ಕೆಮ್ಮಾಯಿತು. ನಾನು ಒಪ್ಪಿದೆ.

ಕೆಲವು ದಿನ ಖಡಕ್ ರೊಟ್ಟಿಯನ್ನೇ ಮುರಿದು ತಿಂದೆ. ಆಮೇಲೊಂದು ಸಂಜೆ, ದಿನವಿಡೀ ತಗಡು ಬಡಿದು ಕೈ ಸೋತು ಬಂದವನು, ತಾಟಿನ ಮುಂದೆ ಕೂತೆ. ರೊಟ್ಟಿಯನ್ನು ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟೆ, ಅಷ್ಟೇ. ನಾಗಮ್ಮ ಎದ್ದು ಹಿಟ್ಟಿನ ಡಬ್ಬಿ ತೆಗೆದಳು.

"ಬ್ಯಾಡ, ಬಿಡು," ಎಂದೆ, ಒಲೆ ಹೊತ್ತಿಕೊಂಡ ಮೇಲೆ.

ಒಳಗೆ ಕೆಮ್ಮು ಏರುತ್ತಿತ್ತು. ಅವಳಿಗೆ ಗಾಳಿ ಬರಲೆಂದು ನಾನೇ ಎದ್ದು ಬಾಗಿಲು ಪೂರ್ತಿ ತೆರೆದೆ. ಆಮೇಲೆ, ತಾಟಿಗೆ ಬಂದ ಬಿಸಿ ರೊಟ್ಟಿ ಆರೀತೆಂದು, ಅರ್ಧ ಮುಚ್ಚಿದೆ.