ಅಸೆಂಬ್ಲಿಗೆ ಹೋದ ನಮ್ಮ ಅತ್ತಿಗೆ

ನಮ್ಮ ಅತ್ತಿಗೆಗೆ ದೇವಸ್ಥಾನಕ್ಕೆ ಹೋದರೆ ದೇವರು ಕಾಣಿಸುವುದಿಲ್ಲ. ಆಚೆ ಹೋಗುವ ಬಾಗಿಲು ಕಾಣಿಸುತ್ತದೆ!

ನಾಸ್ತಿಕರು ಅಂದುಕೊಂಡೀರಿ, ಛೆ ಛೆ! ಕೈ ಮುಗಿಯುತ್ತಾರೆ, ತೀರ್ಥ ತಗೊಳ್ಳುತ್ತಾರೆ, ಕುಂಕುಮ ಇಟ್ಟುಕೊಳ್ಳುತ್ತಾರೆ. ಆದರೆ ಮಂಗಳಾರತಿ ಹೊತ್ತಿಗೆ ಊರೆಲ್ಲಾ ಕಣ್ಣು ಮುಚ್ಚಿ ನಿಂತಿದ್ದರೆ ಇವರ ಕಣ್ಣು ಮಾತ್ರ ಗೋಡೆಯಿಂದ ಗೋಡೆಗೆ ಓಡಾಡುತ್ತಿರುತ್ತದೆ. "ನೂಕುನುಗ್ಗಲಾದ್ರೆ ಇಷ್ಟು ಜನ ಎಲ್ಲಿಂದ ಈಚೆಗೆ ಬರ್ತಾರೆ ಕಣೇ?" ಅಂತ ನನ್ನ ಕಿವಿಯಲ್ಲಿ ಉಸುರುತ್ತಾರೆ. ನಾನಾಗ ಪ್ರಮೋಷನ್ ಕೇಳಿಕೊಳ್ಳುತ್ತಿರುತ್ತೇನೆ. ಅರ್ಧಕ್ಕೇ ಬಿಟ್ಟು ನಾನೂ ಬಾಗಿಲು ಹುಡುಕಲು ಶುರುಮಾಡುತ್ತೇನೆ. ಪ್ರಮೋಷನ್ ಇನ್ನೂ ಬಂದಿಲ್ಲ ಅಂದರೆ ಯಾರನ್ನು ದೂರಬೇಕು ಹೇಳಿ?

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಬೊಮ್ಮಸಂದ್ರದ ಒಂದು ಔಷಧಿ ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್. ಇಂಜಿನಿಯರಿಂಗ್ ಮುಗಿಸಿ, ಅದು ಸಾಲದೆಂದು ಬೆಂಕಿ, ಹೊಗೆ, ಬಾಗಿಲು ಇವುಗಳ ಬಗ್ಗೆಯೇ ಇನ್ನೊಂದು ಓದು ಓದಿ ಬಂದವರು. ಮದುವೆಯಾಗಿ ನಮ್ಮ ಮನೆಗೆ ಬಂದ ದಿನ ಸೇರಕ್ಕಿ ಒದ್ದು ಒಳಗೆ ಬಂದವರೇ ಮೊದಲು ಕೇಳಿದ್ದು, "ಹಿಂದಿನ ಬಾಗಿಲು ಯಾವ ಕಡೆ?" ನಮ್ಮಮ್ಮ ಗಾಬರಿಯಾಗಿ, "ಬಂದ ದಿನಾನೇ ಓಡೋಗ್ತಾಳಾ ಇವ್ಳು?" ಅಂದಿದ್ದರು!

ಆನೇಕಲ್‌ನಲ್ಲಿ ನೆಂಟರೊಬ್ಬರ ಮಗಳ ಮದುವೆ. ಕಲ್ಯಾಣಮಂಟಪದ ಪಕ್ಕದ ಬಾಗಿಲಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕುರ್ಚಿಗಳ ಗೋಪುರ, ಅಕ್ಕಿ ಮೂಟೆ, ಬಾಳೆ ಎಲೆಯ ಕಟ್ಟು. ಅತ್ತಿಗೆ ನೋಡಿದರು. ನೋಡಿ ಸುಮ್ಮನಿರುವ ಜೀವವಲ್ಲ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅಡುಗೆಯವರನ್ನೆಲ್ಲಾ ಕರೆದು ಮೂಟೆ ಎಳೆಸತೊಡಗಿದರು. ಒಳಗೆ ಗಟ್ಟಿಮೇಳ, ಇಲ್ಲಿ ಮೂಟೆ ಎಳೆಯುವ ಮೇಳ! ಮಂಟಪದ ಮ್ಯಾನೇಜರ್ ಓಡಿಬಂದ. "ಮೇಡಂ, ತಾವು ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ?"

"ನಾನು ಬಾಗಿಲಿನ ಕಡೆಯವಳು" ಅಂದರು ಅತ್ತಿಗೆ. ಆತ ತಾನೂ ಒಂದು ಮೂಟೆಗೆ ಕೈ ಹಾಕಿದ.

ಮನೆಯಲ್ಲಾದರೂ ಬಿಡುಗಡೆ ಉಂಟೆ? ನಮ್ಮ ಮನೆ ಮೇಲಿನ ರೂಮುಗಳಲ್ಲಿ ಕಲಬುರಗಿ, ರಾಯಚೂರು ಕಡೆಯ ಹುಡುಗರು ಬಾಡಿಗೆಗಿದ್ದಾರೆ, ಸುತ್ತಲ ಫ್ಯಾಕ್ಟರಿಗಳಲ್ಲಿ ಕೆಲಸ. ಒಂದು ಭಾನುವಾರ ಬೆಳಿಗ್ಗೆ, ಅವರೆಲ್ಲಾ ವಾರದ ನಿದ್ದೆಯನ್ನು ಒಟ್ಟಿಗೆ ಮಾಡುತ್ತಿದ್ದಾಗ, ಅತ್ತಿಗೆ ಸ್ಟೀಲ್ ತಟ್ಟೆ ಬಾರಿಸಿದರು. "ಎಲ್ಲಾರೂ ಆಚೆ! ಬೆಂಕಿ ಬಿದ್ದಿದೆ ಅಂದ್ಕೊಂಡು ಆಚೆ ಬನ್ನಿ!" ಹುಡುಗರು ಬೀದಿಗೆ ಬಂದರು. ಒಬ್ಬನ ಕೈಯಲ್ಲಿ ಜೋಳದ ರೊಟ್ಟಿಯ ಗಂಟು. "ಏನನ್ನೂ ತಗೊಂಡು ಬರಬಾರದು ಅಂತ ಹೇಳಿದ್ನಲ್ಲಪ್ಪ?" ಅಂತ ಅತ್ತಿಗೆ ಗದರಿದರೆ, "ಅಕ್ಕಾರ, ಇದನ್ ನಮ್ಮವ್ವ ಊರಿಂದ ಕಳ್ಸ್ಯಾಳ್ರೀ. ನಾ ಸುಟ್ಟ್ ಹೋದ್ರೂ ಅಡ್ಡಿಯಿಲ್ಲ, ಇದ್ ಸುಡಬಾರ್ದು" ಅಂದ. ಅಣ್ಣ ಟೀವಿ ರಿಮೋಟ್ ಹಿಡಿದು ಬಂದಿದ್ದ. ಟೀವಿ ಸುಟ್ಟುಹೋದ ಮೇಲೆ ರಿಮೋಟ್ ಇಟ್ಟುಕೊಂಡು ಏನು ಮಾಡುತ್ತಾನೋ! ಎಲ್ಲರಿಗಿಂತ ಕೊನೆಗೆ ಅಮ್ಮ, ಸೀರೆ ಬದಲಾಯಿಸಿ, ಹೂವು ಮುಡಿದು ಬಂದರು. "ಬೆಂಕಿ ಬಿದ್ದೈತೆ ಅಂತ ಬೀದಿ ಜನದ ಮುಂದೆ ಅಂಗೇ ಬಂದ್ಬಿಡಕ್ಕಾಯ್ತದಾ?"

ಹೀಗಿರುವಾಗ ಒಂದು ದಿನ ಸುದ್ದಿ ಬಂತು. ವಿಧಾನಮಂಡಲದ ಕಟ್ಟಡಗಳ ಸುರಕ್ಷತೆ, ಭದ್ರತೆ ಎರಡನ್ನೂ ಸುಧಾರಿಸಲು ತಜ್ಞರ ತಂಡವೊಂದನ್ನು ಮಾಡುತ್ತಿದ್ದಾರಂತೆ, ಅದರಲ್ಲಿ ನಮ್ಮ ಅತ್ತಿಗೆಯೂ ಒಬ್ಬರಂತೆ! ಅಣ್ಣ ಮೈಸೂರುಪಾಕು ತಂದ. ಅಮ್ಮ ಮಂಡಿನೋವು ಮರೆತು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಪ್ರತಿ ಮನೆ ಮುಂದೆ ನಿಂತು, "ನಮ್ ಸೊಸೆ ಅಸೆಂಬ್ಲಿಗೆ ಹೋಗ್ತಾವ್ಳೆ" ಅಂದರು. ಅಷ್ಟೇ ಅಂದರು. ಉಳಿದದ್ದನ್ನು ಊರು ತಾನೇ ತುಂಬಿಕೊಂಡಿತು. ಸಂಜೆಗೆ ಮೂಲೆಮನೆಯ ಗೌಡರು ಹಾರ ಹಿಡಿದು ಹಾಜರು!

"ಟಿಕೆಟ್ಟು ಯಾವ ಪಾರ್ಟೀದವ್ವ?"

"ಟಿಕೆಟ್ಟೂ ಇಲ್ಲ, ಪಾರ್ಟೀನೂ ಇಲ್ಲ ಗೌಡ್ರೇ. ನಾನು ಬಾಗಿಲು ನೋಡಕ್ಕೆ ಹೋಗ್ತಿರೋದು."

"ಎಲ್ರೂ ಮೊದಲು ಬಾಗಿಲಿಂದಾನೇ ಅಲ್ವೇನವ್ವ ಒಳಕ್ಕೆ ಹೋಗೋದು" ಅಂತ ಗೌಡರು ಹಾರ ಹಾಕಿಯೇ ಬಿಟ್ಟರು. ಜೊತೆಗೆ ನಮ್ಮ ಬೀದಿಯ ಚರಂಡಿಗೆ ಚಪ್ಪಡಿ ಬೇಕು ಅಂತ ಬೇಡಿಕೆಯನ್ನೂ ಇಟ್ಟರು. ಅತ್ತಿಗೆ ಏನು ಮಾಡಿದರು ಗೊತ್ತೇ? ಮರುದಿನವೇ ಹೋಗಿ ಚರಂಡಿ ನೋಡಿ, ಮಕ್ಕಳು ಬೀಳುವ ಜಾಗ ಅಂತ ಪುರಸಭೆಯವರ ಬೆನ್ನು ಹತ್ತಿ ಚಪ್ಪಡಿ ಹಾಕಿಸಿಯೇ ಬಿಟ್ಟರು. ಗೆದ್ದವರೇ ಮಾಡದ ಕೆಲಸವನ್ನು ಚುನಾವಣೆಗೇ ನಿಲ್ಲದವರು ಮಾಡಿದ್ದರು. ಗೌಡರು ಈಗಲೂ ಅವರನ್ನು ಎಮ್ಮೆಲ್ಲೆ ಅಂತಲೇ ನಂಬಿದ್ದಾರೆ.

ಮೊದಲ ದಿನವೇ ಅತ್ತಿಗೆ ಗೇಟಿನಲ್ಲಿ ಸಿಕ್ಕಿಬಿದ್ದರು! ಅವರ ಬ್ಯಾಗಿನಲ್ಲಿ ಏನಿರುತ್ತದೆ ಅಂತ ನಮಗೆ ಗೊತ್ತು, ಪಾಪ, ಪೊಲೀಸರಿಗೆ ಗೊತ್ತಿರಲಿಲ್ಲ. ಟಾರ್ಚು, ಹಗ್ಗ, ಸ್ಕ್ರೂಡ್ರೈವರ್, ಸಾಲದ್ದಕ್ಕೆ ಗಾಜು ಒಡೆಯುವ ಪುಟ್ಟ ಸುತ್ತಿಗೆ. ಶಾಸಕರು ಕೂರುವ ಕಟ್ಟಡಕ್ಕೆ ಸುತ್ತಿಗೆ ಹಿಡಿದು ಹೋದರೆ ಬಿಡುತ್ತಾರೆಯೇ? "ನಾನು ಸೇಫ್ಟಿಯವಳು" ಅಂದರಂತೆ. "ಅದಕ್ಕೇ ಮೇಡಂ ನಿಲ್ಸಿರೋದು, ನಾನು ಸೆಕ್ಯೂರಿಟಿಯವಳು" ಅಂದಳಂತೆ ಗೇಟಿನ ಪೊಲೀಸಮ್ಮ. ಅತ್ತಿಗೆಗೆ ಕೋಪ ಬಂತೇ? ಇಲ್ಲ! ಮನೆಗೆ ಬಂದು, "ಎಷ್ಟು ಚೆನ್ನಾಗಿ ಹುಡುಕಿದಳು ಗೊತ್ತಾ? ಬ್ಯಾಗಿನ ಒಳಜೇಬನ್ನೂ ಬಿಡಲಿಲ್ಲ" ಅಂತ ಊಟ ಮುಗಿಯುವ ತನಕ ಹೊಗಳಿದ್ದೇ ಹೊಗಳಿದ್ದು.

ಆದರೆ ಒಳಗೆ ಏನು ನೋಡಿದರು ಅಂತ ಮಾತ್ರ ಬಾಯಿ ಬಿಡಲೊಲ್ಲರು. ಎಷ್ಟು ಬಾಗಿಲು ಅತ್ತಿಗೆ? "ಹೇಳಂಗಿಲ್ಲ." ಎಲ್ಲೆಲ್ಲಿ ಕ್ಯಾಮೆರಾ? "ಹೇಳಂಗಿಲ್ಲ." ಹೋಗಲಿ, ಬಾಗಿಲಿಗೆ ಯಾವ ಬಣ್ಣ? "ಅದೂ ಹೇಳಂಗಿಲ್ಲ." ಪೇಪರ್ ಹಿಂದಿನಿಂದ ಅಣ್ಣ, "ಬ್ರೌನು. ತೋಳಿಗೆ ಮೆತ್ಕೊಂಡಿದೆ" ಅಂದ. ರಾಜ್ಯದ ಗುಟ್ಟು ನಮ್ಮ ಡೈನಿಂಗ್ ಟೇಬಲ್ ಮೇಲೆ ಬಯಲಾಗಿತ್ತು! ಇದನ್ನು ಬರೆದು ಅವರಿಗೆ ಓದಿ ತೋರಿಸಿದಾಗಲೂ ಎರಡು ಸಾಲು ಹೊಡೆದುಹಾಕಿಸಿದರು. ಆದ್ದರಿಂದ ಯಾವ ಕಟ್ಟಡ, ಯಾವ ಮಹಡಿ ಅಂತ ನನ್ನನ್ನು ಕೇಳಬೇಡಿ.

ಜಗಳವನ್ನು ಮಾತ್ರ ಹೇಳಿದರು. ಜಗಳ ಗುಟ್ಟಲ್ಲವಂತೆ! ಸಾರ್ವಜನಿಕರು ಕೂತು ಕಲಾಪ ನೋಡುವ ಗ್ಯಾಲರಿಯ ಪಕ್ಕದ ಬಾಗಿಲಿನ ಮಾತು. ಭದ್ರತೆಯ ದೊಡ್ಡ ಅಧಿಕಾರಿ ಅದಕ್ಕೆ ಬೀಗ ಹಾಕೋಣ ಅಂದರು.

"ಯಾರೋ ನುಗ್ಗಿಬಿಟ್ರೆ ಜವಾಬ್ದಾರಿ ಯಾರಮ್ಮ?"

"ಯಾರೋ ಒಳಗೇ ಉಳಿದುಬಿಟ್ರೆ ಯಾರು ಸಾರ್?"

ಇಬ್ಬರೂ ಬಿಡಲಿಲ್ಲ. ಇಬ್ಬರ ಮಾತೂ ಸುಳ್ಳಲ್ಲ, ಅದೇ ತೊಂದರೆ! ಸಭೆಯ ಮೇಲೆ ಸಭೆ. ಕೊನೆಗೆ ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ಯಾರು ಏನು ಮಾಡಿದರೂ ತೆರೆಯದ ಬಾಗಿಲು ಅಂತ ತೀರ್ಮಾನವಾಯಿತು. ಅದನ್ನು ಅತ್ತಿಗೆ ಹೇಳಿದರೆ, ತೆರೆದ ಕೂಡಲೇ ಕಾವಲಿನವರ ಹತ್ತಿರ ಗಂಟೆ ಹೊಡೆಯಲಿ ಅಂತ ಅಧಿಕಾರಿ ಸೇರಿಸಿದರು. "ಗಂಟೆ ನನಗೆ ಹೊಳೆದಿರಲಿಲ್ಲ ಕಣೇ, ಒಳ್ಳೇ ಮನುಷ್ಯ" ಅಂದರು ಅತ್ತಿಗೆ. ಜಗಳವಾಡಿದವರನ್ನು ಅವರು ಯಾವಾಗಲೂ ಹೀಗೇ ಇಷ್ಟಪಡುತ್ತಾರೆ.

ಕೆಲಸವೆಲ್ಲ ಮುಗಿದ ಮೇಲೆ, ಅಧಿವೇಶನ ಇಲ್ಲದ ಒಂದು ದಿನ, ಎಲ್ಲರನ್ನೂ ಹೊರಗೆ ಕರೆತರುವ ಅಣಕು ಅಭ್ಯಾಸ. ಗ್ಯಾಲರಿಯಲ್ಲಿ ಕೂರಲು ಎಲ್ಲಾ ವಯಸ್ಸಿನ ಜನ ಬೇಕಿತ್ತು, ಮಂಡಿನೋವಿನವರಂತೂ ಬೇಕೇ ಬೇಕಿತ್ತು. ಮಂಡಿನೋವಿಗೆ ಸರ್ಕಾರದ ಆಹ್ವಾನ ಬಂದ ಮೊದಲ ಹೆಂಗಸು ನಮ್ಮಮ್ಮನೇ ಇರಬೇಕು! ನಾನೂ ರಜೆ ಹಾಕಿ ಹೋದೆ. ಅತ್ತಿಗೆ ಹಳದಿ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು, ನಮ್ಮನ್ನು ನೋಡಿದರೂ ಗುರುತೇ ಇಲ್ಲದವರ ಹಾಗೆ ನಿಂತಿದ್ದರು.

ಗಂಟೆ ಹೊಡೆಯಿತು. ಜನ ಎದ್ದರು. ಗ್ಯಾಲರಿಯಿಂದ ಕೆಳಗೆ ನೋಡಿದರೆ, ಅಭ್ಯಾಸ ನೋಡಲು ಬಂದಿದ್ದ ಹಿರಿಯ ಶಾಸಕರೊಬ್ಬರು ಆಸನ ಬಿಟ್ಟು ಅಲುಗಾಡಿಲ್ಲ! ಅತ್ತಿಗೆ ಅವರ ಮುಂದೆ ಹೋಗಿ ನಿಂತರು.

"ಸಾರ್, ಆಚೆ ಹೋಗ್ಬೇಕು."

"ಸಭಾಧ್ಯಕ್ಷರು ಹೋಗಿ ಅಂದಾಗ್ಲೇ ನಾನು ಹೋದವನಲ್ಲ. ಗಂಟೆಗೆ ಹೋಗ್ತೀನೇನಮ್ಮ?"

"ಸಭಾತ್ಯಾಗ ಅಂದ್ಕೊಳ್ಳಿ ಸಾರ್."

ಅವರು ಘೊಳ್ಳೆಂದು ನಕ್ಕು, "ಅದಾದ್ರೆ ಅಭ್ಯಾಸ ಇದೆ!" ಅಂತ ಪಂಚೆ ಎತ್ತಿ ಹಿಡಿದು ಎಲ್ಲರಿಗಿಂತ ಮುಂದೆ ನಡೆದರು.

ಮೇಲೆ ಗ್ಯಾಲರಿಯಲ್ಲಿ ಅಮ್ಮನನ್ನು ಮೆಟ್ಟಿಲಿಳಿಸುವ ವಿಶೇಷ ಕುರ್ಚಿಯಲ್ಲಿ ಕೂರಿಸಿದರು. ಬೆಲ್ಟ್ ಬಿಗಿಯುತ್ತಿದ್ದ ಕಾವಲಿನವನು, "ಹೆದ್ರಿಕೆನಾ ಅಜ್ಜಿ?" ಅಂತ ಕೇಳಿದ. "ನನಗ್ಯಾಕಪ್ಪ ಹೆದ್ರಿಕೆ? ಇಲ್ಲಿ ಬಾಗ್ಲು ಮಾಡ್ಸಿರೋಳು ನನ್ ಸೊಸೆ" ಅಂದರು ಅಮ್ಮ. ಆಮೇಲೆ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ, ಕೇಳಿದವರಿಗೂ ಕೇಳದವರಿಗೂ, ಅದನ್ನೇ ಹೇಳುತ್ತಾ ಇಳಿದರು. ನನಗೂ ಹೇಳಿದರು! ನನಗೆ ಗೊತ್ತಿಲ್ಲವೇ? ಆದರೂ ಕೇಳಲು ಚೆನ್ನಾಗಿತ್ತು.

ಹುಲ್ಲುಹಾಸಿನ ಮೇಲೆ ಎಲ್ಲರೂ ಸೇರಿದೆವು. ಒಬ್ಬರಿಗೂ ತರಚು ಗಾಯವಿಲ್ಲ. ಬೀಗ ಹಾಕೋಣ ಅಂದಿದ್ದ ಅಧಿಕಾರಿಯೇ ಮೊದಲು ಚಪ್ಪಾಳೆ ತಟ್ಟಿದರು. ಅತ್ತಿಗೆ ಮಾತ್ರ ಅಲ್ಲಿರಲಿಲ್ಲ. ಯಾರಾದರೂ ಉಳಿದಿದ್ದಾರೇನೋ ಅಂತ ಮತ್ತೆ ಒಳಗೆ ಹೋಗಿದ್ದರು. ಬಾಗಿಲಿನವರೆಗೆ ಬಂದು, ನಮ್ಮನ್ನೆಲ್ಲಾ ನೋಡಿ, ಸಮಾಧಾನವಾಗದೆ ಇನ್ನೊಮ್ಮೆ ಒಳಗೆ ತಿರುಗಿದರು.

ಆಗ ಅಮ್ಮ ಕೂತಲ್ಲಿಂದಲೇ ಕೂಗಿದರು. "ಎಲ್ಲಾರೂ ಬಂದಾಯ್ತು ಕಣವ್ವ. ಇನ್ನು ನೀನೂ ಈಚೆಗೆ ಬಾ."

ಅತ್ತಿಗೆ ಹೊಸ್ತಿಲಲ್ಲೇ ನಿಂತರು. ಅಷ್ಟು ದೊಡ್ಡ ಕಟ್ಟಡವನ್ನೆಲ್ಲಾ ಗದರಿಸಿ ಖಾಲಿ ಮಾಡಿಸಿದವರು ಈ ಒಂದು ಮಾತಿಗೆ ಹೊಸ್ತಿಲು ದಾಟಿದರು. ಮೆಲ್ಲಗೆ ನಡೆದು ಬಂದು ಅಮ್ಮನ ಕಾಲ ಹತ್ತಿರ ಹುಲ್ಲಿನ ಮೇಲೆ ಕೂತುಬಿಟ್ಟರು. ಅಮ್ಮ ಅವರ ಹೆಲ್ಮೆಟ್ಟು ತೆಗೆದು ಪಕ್ಕಕ್ಕಿಟ್ಟು, ಬೆವರಿಗೆ ಅಂಟಿದ್ದ ಕೂದಲನ್ನು ಬೆರಳಲ್ಲಿ ಬಿಡಿಸತೊಡಗಿದರು. ಬೈತಲೆಯ ಎರಡೂ ಕಡೆ ಅಷ್ಟು ಬಿಳಿ ಕೂದಲು ಯಾವಾಗ ಬಂತೋ, ಒಂದೇ ಮನೆಯಲ್ಲಿದ್ದೂ ನಾನು ನೋಡಿರಲೇ ಇಲ್ಲ.